ಹೆಸರಿಡುವ ಹೊಣೆ: ವಿಜಯಪುರ ಪರಿಸರದ ಸಾಮೂಹಿಕ ಮರಣಗಳು ಮತ್ತು ‘ಹತ್ಯಾಕಾಂಡ’ ಎಂಬ ಪರಿಭಾಷೆ

ಪೀಠಿಕೆ

ಇತಿಹಾಸದಲ್ಲಿ ಬಹುಸಂಖ್ಯೆಯ ಜನರು ಒಟ್ಟಿಗೆ ಸತ್ತ ಘಟನೆಗಳನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದು ಮೇಲ್ನೋಟಕ್ಕೆ ಕೇವಲ ಪದಪ್ರಯೋಗದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹೆಸರಿನೊಳಗೆ ತೀರ್ಪು ಅಡಗಿರುತ್ತದೆ. ‘ಬರ’ ಎಂದರೆ ಹೊಣೆ ಮಳೆಯದು; ‘ಬೇನೆ’ ಎಂದರೆ ಹೊಣೆ ರೋಗದ್ದು; ‘ಯುದ್ಧ’ ಎಂದರೆ ಹೊಣೆ ಎರಡೂ ಪಕ್ಷಗಳದ್ದು. ‘ಹತ್ಯಾಕಾಂಡ’ ಎಂದೊಡನೆ ಕೊಂದವರು ಇದ್ದಾರೆ, ಸತ್ತವರು ನಿಸ್ಸಹಾಯಕರಾಗಿದ್ದರು, ಕೃತ್ಯ ಉದ್ದೇಶಪೂರ್ವಕವಾಗಿತ್ತು ಎಂಬ ಮೂರು ಮಾತುಗಳನ್ನು ಏಕಕಾಲಕ್ಕೆ ಹೇಳಿದಂತಾಗುತ್ತದೆ. ಆಧಾರವಿಲ್ಲದೆ ಈ ಹೆಸರನ್ನು ಕೊಟ್ಟರೆ ಇತಿಹಾಸಕ್ಕೆ ಅಪಚಾರ. ಆಧಾರವಿದ್ದೂ ಕೊಡದಿದ್ದರೆ ಸತ್ತವರಿಗೆ ಅಪಚಾರ.

ವಿಜಯಪುರ ನಗರ ಹಾಗೂ ಅದರ ಸುತ್ತಲಿನ ತಿಕೋಟಾ, ಬಬಲೇಶ್ವರ ಭಾಗಗಳು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಕ್ಷೇತ್ರವಾಗಿವೆ. ತೀರಾ ಈಚಿನವರೆಗೆ ವಿಜಯಪುರ ತಾಲ್ಲೂಕಿನೊಳಗೇ ಇದ್ದು, ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ಈ ಎರಡೂ ಭಾಗಗಳ ಚರಿತ್ರೆ ರಾಜಧಾನಿಯ ಚರಿತ್ರೆಗೆ ಅಂಟಿಕೊಂಡೇ ಬೆಳೆದಿದೆ. ರಾಜಧಾನಿಯ ಮುತ್ತಿಗೆ, ಬೇನೆ, ಬರ, ದಂಡಯಾತ್ರೆಗಳ ಭಾರವನ್ನು ಈ ಹಳ್ಳಿಗಳೂ ಹೊತ್ತಿವೆ. ಇಲ್ಲಿ ಸಾಮೂಹಿಕ ಮರಣದ ಗುರುತುಗಳು ಕಲ್ಲಿನಲ್ಲಿವೆ, ಸರ್ಕಾರಿ ಅಂಕಿಗಳಲ್ಲಿವೆ, ಲಾವಣಿಗಳಲ್ಲಿವೆ. ಕೆಲವು ಎಲ್ಲಿಯೂ ಇಲ್ಲ. ಇವುಗಳಲ್ಲಿ ಯಾವುದನ್ನು ಹತ್ಯಾಕಾಂಡವೆಂದು ಕರೆಯಬಹುದು, ಯಾವುದನ್ನು ಕರೆಯಲಾಗದು, ಅದಕ್ಕೆ ಮಾನದಂಡಗಳೇನು ಎಂಬುದನ್ನು ಜಾನಪದ ಅಧ್ಯಯನದ ನೆಲೆಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪದಗಳ ವಿಚಾರ

ಕನ್ನಡದಲ್ಲಿ ಈ ಅರ್ಥಕ್ಕೆ ಬಳಕೆಯಲ್ಲಿರುವ ಪದಗಳು ಹಲವು. ‘ಕಗ್ಗೊಲೆ’ ಎಂಬುದು ಅಚ್ಚಗನ್ನಡದ ಪದ. ‘ಕಡು’ ಮತ್ತು ‘ಕೊಲೆ’ ಸೇರಿ ಆದ ಈ ಪದ ಕೊಲೆಯ ಕ್ರೌರ್ಯವನ್ನು ಹೇಳುತ್ತದೆಯೇ ಹೊರತು ಸಂಖ್ಯೆಯನ್ನು ಹೇಳುವುದಿಲ್ಲ. ಒಬ್ಬನ ಕೊಲೆಯೂ ಕಗ್ಗೊಲೆಯಾಗಬಹುದು. ‘ನರಮೇಧ’ ಮತ್ತು ‘ಮಾರಣಹೋಮ’ಗಳು ಯಜ್ಞದ ಪರಿಭಾಷೆಯಿಂದ ಬಂದವು. ಪತ್ರಿಕಾಭಾಷೆಯಲ್ಲಿ ಇವು ಧಾರಾಳವಾಗಿ ಬಳಕೆಯಾದರೂ, ವಿಧಿವತ್ತಾದ ಆಹುತಿಯ ಕಲ್ಪನೆಯನ್ನು ಕೊಲೆಗೆ ಆರೋಪಿಸುವ ಕಾರಣ ಶಾಸ್ತ್ರೀಯ ಬರವಣಿಗೆಗೆ ಅಷ್ಟಾಗಿ ಒಗ್ಗುವುದಿಲ್ಲ. ‘ಹತ್ಯಾಕಾಂಡ’ ಎಂಬ ಪದ ಕನ್ನಡದ ಬರವಣಿಗೆಯಲ್ಲಿ ವಿಶೇಷವಾಗಿ ನೆನಪಿಗೆ ಬರುವುದು 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದ ಘಟನೆಯ ಜೊತೆಗೆ. ಮುಚ್ಚಿದ ಆವರಣ, ನಿರಾಯುಧ ಜನ, ಅಧಿಕಾರಿಯ ಆದೇಶ ಈ ಮೂರೂ ಅಲ್ಲಿ ಕೂಡಿಬಂದುದರಿಂದ ಆ ಘಟನೆಯೇ ಪದದ ಅರ್ಥವನ್ನು ನಿರ್ಣಯಿಸಿಬಿಟ್ಟಂತಾಗಿದೆ.

ಇನ್ನೊಂದು ಪದ ‘ಜನಾಂಗಹತ್ಯೆ’. ಪೋಲಿಷ್ ಯೆಹೂದಿ ನ್ಯಾಯವಾದಿ ರಫಾಯೆಲ್ ಲೆಮ್‌ಕಿನ್ 1944ರಲ್ಲಿ ರೂಪಿಸಿದ ಪರಿಕಲ್ಪನೆ ಇದು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯು ಇದನ್ನು ಅಂತರರಾಷ್ಟ್ರೀಯ ಅಪರಾಧವೆಂದು ಒಪ್ಪಂದದ ಮೂಲಕ ನಿರೂಪಿಸಿತು. ಒಂದು ಜನಸಮುದಾಯವನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ಇಲ್ಲವಾಗಿಸುವ ಉದ್ದೇಶ ಇದರ ತಿರುಳು. ಹತ್ಯಾಕಾಂಡಕ್ಕೆ ಅಂಥ ಉದ್ದೇಶ ಅನಿವಾರ್ಯವಲ್ಲ. ಹೆದರಿಸುವುದು, ಶಿಕ್ಷಿಸುವುದು, ಸೇಡು ತೀರಿಸುವುದು ಇವೂ ಅದರ ಹಿಂದಿನ ಉದ್ದೇಶಗಳಾಗಿರಬಹುದು. ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅವಶ್ಯ.

ಮೇಲಿನ ವಿವೇಚನೆಯಿಂದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ. ಒಂದು, ಮರಣಗಳು ನಡೆದುದಕ್ಕೆ ಸ್ವತಂತ್ರ ಆಧಾರವಿದೆಯೇ? ಎರಡು, ಆ ಮರಣಗಳು ಮನುಷ್ಯನ ಕೈಯಿಂದ ನೇರವಾಗಿ ಆದವೇ? ಮೂರು, ಸತ್ತವರು ಆ ಗಳಿಗೆಯಲ್ಲಿ ಎದುರಿಸಿ ಹೋರಾಡಲಾರದ ಸ್ಥಿತಿಯಲ್ಲಿದ್ದರೇ? ನಾಲ್ಕು, ಕೃತ್ಯದ ಹಿಂದೆ ಆದೇಶ ಅಥವಾ ಒಡಂಬಡಿಕೆಯಿದ್ದು ಅದು ಒಂದೇ ಘಟನೆಯಾಗಿ ನಡೆಯಿತೇ? ಈ ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ದೊರೆತಲ್ಲಿ ಮಾತ್ರ ಹತ್ಯಾಕಾಂಡ ಎಂಬ ಹೆಸರು ನಿಲ್ಲುತ್ತದೆ. ಸಂಖ್ಯೆ ಎಷ್ಟು ಎಂಬ ಪ್ರಶ್ನೆಯನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಸೇರಿಸಿಲ್ಲ. ಅದರ ಕಾರಣ ಮುಂದೆ ಸ್ಪಷ್ಟವಾಗುತ್ತದೆ.

ಸಾಠ್ ಕಬರ್: ಕಲ್ಲು ಹೇಳುವುದು, ಕಥೆ ಹೇಳುವುದು

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿ ರಸ್ತೆ ಹಿಡಿದು ತಿಕೋಟಾದ ಕಡೆಗೆ ಹೋಗುವಾಗ, ನಗರದಿಂದ ಸುಮಾರು ಐದು ಕಿಲೋಮೀಟರ್ ಅಂತರದಲ್ಲಿ, ಮುಖ್ಯ ರಸ್ತೆಯಿಂದ ಒಳಗೆ ‘ಸಾಠ್ ಕಬರ್’ ಎಂಬ ಸಮಾಧಿಸ್ಥಳವಿದೆ. ಇಬ್ರಾಹಿಂ ಆದಿಲಶಾಹನು 1599ರಲ್ಲಿ ಕಟ್ಟಿಸತೊಡಗಿ, 1624ರಲ್ಲಿ ಮಲಿಕ್ ಅಂಬರನ ದಾಳಿಗೆ ತುತ್ತಾದ ನವರಸಪುರದ ಪರಿಸರವಿದು. ತೊರವಿಯೂ ಇಲ್ಲಿಗೆ ಸಮೀಪ. ಎತ್ತರಿಸಿದ ಕಟ್ಟೆಯ ಮೇಲೆ ಕಪ್ಪುಕಲ್ಲಿನ 63 ಗೋರಿಗಳು ಸಾಲುಸಾಲಾಗಿವೆ. ಅವುಗಳ ಜೊತೆಗೆ ಒಂದು ಖಾಲಿ ಗೋರಿಯಿದೆ. ಕೆಲವು ಇಂದು ಭಗ್ನಗೊಂಡಿವೆ. ಗೋರಿಗಳ ಮೇಲ್ಭಾಗ ಚಪ್ಪಟೆಯಾಗಿದೆ. ದಖನಿನ ಸಮಾಧಿ ಶಿಲ್ಪದಲ್ಲಿ ಚಪ್ಪಟೆ ಮೇಲ್ಮೈ ಸ್ತ್ರೀಯರ ಗೋರಿಯ ಗುರುತು. ಪುರುಷರ ಗೋರಿಯ ಮೇಲೆ ಉಬ್ಬಿದ ದಿಂಡು ಇರುತ್ತದೆ. ಗೋರಿಗಳ ಗಾತ್ರದಲ್ಲಿ, ಅವುಗಳ ನಡುವಿನ ಅಂತರದಲ್ಲಿ ಸಮಾನತೆ ಎದ್ದುಕಾಣುತ್ತದೆ.

ಇಲ್ಲಿಯ ಐತಿಹ್ಯ ನಾಡಿನಾದ್ಯಂತ ಪ್ರಸಿದ್ಧವಾದುದು. ಎರಡನೆಯ ಅಲಿ ಆದಿಲಶಾಹನ ಕಾಲದಲ್ಲಿ, 1659ರಲ್ಲಿ ಸೇನಾನಿ ಅಫಜಲಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೊರಡುತ್ತಾನೆ. ಅವನು ಜೀವಂತ ಮರಳುವುದಿಲ್ಲವೆಂದು ಜ್ಯೋತಿಷಿಗಳು ನುಡಿಯುತ್ತಾರೆ. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಪರರ ಪಾಲಾಗಬಾರದೆಂದು ಅವನು ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಾವಿಗೆ ನೂಕಿಸಿ ಕೊಲ್ಲಿಸುತ್ತಾನೆ. ಒಬ್ಬಳು ತಪ್ಪಿಸಿಕೊಳ್ಳುತ್ತಾಳೆ. ಕೆಲವು ಪಾಠಗಳಲ್ಲಿ ಅವಳನ್ನೂ ಹಿಡಿದು ಕೊಲ್ಲಲಾಗುತ್ತದೆ. ಇನ್ನು ಕೆಲವು ಪಾಠಗಳಲ್ಲಿ ಖಾಲಿ ಗೋರಿ ಅವಳು ಉಳಿದುದಕ್ಕೆ ಸಾಕ್ಷಿಯಾಗುತ್ತದೆ. ಅಫಜಲಖಾನನು ಅದೇ ವರ್ಷದ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಹತನಾದನು. ತನಗಾಗಿ ಅರಮನೆಯ ಬಳಿ ಸಿದ್ಧಪಡಿಸಿಕೊಳ್ಳುತ್ತಿದ್ದ ಗೋರಿಯಲ್ಲಿ ಅವನ ದೇಹ ಮಲಗಲೇ ಇಲ್ಲ.

ವಿಜಯಪುರದ ವಾಸ್ತುಶಿಲ್ಪವನ್ನು ಕೂಲಂಕಷವಾಗಿ ಸರ್ವೇಕ್ಷಣೆ ಮಾಡಿದ ಪುರಾತತ್ತ್ವ ಅಧಿಕಾರಿ ಹೆನ್ರಿ ಕಜಿನ್ಸ್ ಈ ಕಥೆಯನ್ನು ದಾಖಲಿಸಿದ್ದಾನೆ. ಆದರೆ ಅವನು ಅದನ್ನು ಸ್ಥಳೀಯ ಪರಂಪರೆಯ ಮಾತಾಗಿ ಹೇಳುತ್ತಾನೆ. ಅವನ ಅನಂತರ ಬಂದ ಪ್ರವಾಸಿ ಕೈಪಿಡಿಗಳು ‘ಎಂದು ಹೇಳುತ್ತಾರೆ’ ಎಂಬ ಎರಡು ಪದಗಳನ್ನು ಕೈಬಿಟ್ಟವು. ಅಲ್ಲಿಂದ ಕಥೆ ಇತಿಹಾಸವಾಯಿತು. ಈಗ ಕೆಲವು ಬರಹಗಳಲ್ಲಿ ಅದು ‘ಹತ್ಯಾಕಾಂಡ’ವೂ ಆಗಿದೆ.

ಮೇಲಿನ ನಾಲ್ಕು ಪ್ರಶ್ನೆಗಳನ್ನು ಇಲ್ಲಿಗೆ ಅನ್ವಯಿಸಿ ನೋಡಬೇಕು. ಅರವತ್ತಕ್ಕೂ ಮಿಕ್ಕಿದ ಸ್ತ್ರೀಯರನ್ನು ಇಲ್ಲಿ ಹೂಳಿರುವುದನ್ನು ಕಲ್ಲು ಸಾರಿ ಹೇಳುತ್ತದೆ. ಅವರು ಯಾರು, ಯಾವ ದಿನ ಸತ್ತರು, ಹೇಗೆ ಸತ್ತರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅಫಜಲಖಾನನ ಹೆಂಡಂದಿರೆಂಬ ಗುರುತು ಜನಶ್ರುತಿಯನ್ನು ಅವಲಂಬಿಸಿದೆ. ಗೋರಿಗಳ ಏಕರೂಪತೆಯು ಒಂದೇ ಯೋಜನೆಯಲ್ಲಿ ಅವುಗಳನ್ನು ಕಟ್ಟಿರುವುದನ್ನು ಸೂಚಿಸಬಹುದು. ಅದು ಕಟ್ಟಿದವನ ಯೋಜನೆಗೆ ಸಾಕ್ಷಿಯೇ ಹೊರತು ಸಾವಿನ ರೀತಿಗೆ ಸಾಕ್ಷಿಯಲ್ಲ. ರಾಜಮನೆತನದ ಅಥವಾ ಸರದಾರ ಮನೆತನದ ಸ್ತ್ರೀಯರಿಗಾಗಿಯೇ ಮೀಸಲಾದ ಸಮಾಧಿಸ್ಥಳವಾದರೂ, ಒಂದು ಬೇನೆಯಲ್ಲಿ ಸತ್ತವರ ಸಮಾಧಿಸ್ಥಳವಾದರೂ ಇದೇ ರೂಪದಲ್ಲಿ ಇರಬಹುದಾಗಿತ್ತು. ಅಂದರೆ ಮೊದಲ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ದೊರೆಯುತ್ತದೆ. ಎರಡನೆಯ ಪ್ರಶ್ನೆಯ ಬಳಿ ಸಾಕ್ಷ್ಯ ನಿಂತುಬಿಡುತ್ತದೆ.

ಹೆಸರಿನಲ್ಲಿಯೂ ಒಂದು ಸೂಕ್ಷ್ಮವಿದೆ. ‘ಸಾಠ್’ ಎಂದರೆ ಅರವತ್ತು. ಗೋರಿಗಳಿರುವುದು 63, ಖಾಲಿಯದನ್ನು ಸೇರಿಸಿದರೆ 64. ಜನರ ಬಾಯಲ್ಲಿ ‘ಸಾಠ್’ ‘ಸಾತ್’ ಆದಾಗ ಅರವತ್ತು ಏಳಾಗುತ್ತದೆ. ಅರವತ್ತಮೂರು ಪುರಾತನರು, ಅರವತ್ತುನಾಲ್ಕು ವಿದ್ಯೆಗಳು ಇರುವ ಕನ್ನಡ ಪರಂಪರೆಯಲ್ಲಿ ಈ ಎರಡೂ ಸಂಖ್ಯೆಗಳಿಗೆ ವಿಶೇಷ ಸ್ಥಾನವಿದೆ. ಆದರೆ ಇಲ್ಲಿಯ ಸಂಖ್ಯೆ ಎಣಿಸಿದ ಕಲ್ಲುಗಳಿಂದ ಬಂದುದು. ಕಥೆ ಕಲ್ಲನ್ನು ಹುಟ್ಟಿಸಿಲ್ಲ. ಕಲ್ಲಿಗೆ ಕಥೆ ಬೇಕಾಗಿತ್ತು ಎಂದು ಭಾವಿಸಲು ಇದು ಎಡೆಮಾಡಿಕೊಡುತ್ತದೆ. ವಿಶೇಷವಾಗಿ ಖಾಲಿ ಗೋರಿಯ ಪ್ರಸಂಗವು ಕಣ್ಣೆದುರಿಗಿರುವ ವಿಲಕ್ಷಣ ವಸ್ತುವೊಂದಕ್ಕೆ ಕಾರಣ ಹೇಳುವ ಐತಿಹ್ಯದ ಸ್ಪಷ್ಟ ಮಾದರಿಯಾಗಿದೆ.

ಐತಿಹ್ಯದ ಆಶಯ ಮತ್ತು ನೈತಿಕ ಭಾರ

ಸೋಲು ಖಚಿತವಾದ ವೀರನೊಬ್ಬನು ಯುದ್ಧಕ್ಕೆ ಮುನ್ನ ಅಂತಃಪುರದ ಸ್ತ್ರೀಯರ ಸಾವನ್ನು ಏರ್ಪಡಿಸುವುದು ಭಾರತೀಯ ಕಥನ ಪರಂಪರೆಯಲ್ಲಿ ಹೊಸದಲ್ಲ. ಕರ್ನಾಟಕದಲ್ಲಿಯೇ ಇದಕ್ಕೆ ಪ್ರಸಿದ್ಧ ನಿದರ್ಶನವಿದೆ. 1327ರ ಸುಮಾರಿಗೆ ದೆಹಲಿಯ ಸೇನೆ ಕಂಪಿಲಿಯನ್ನು ಮುತ್ತಿದಾಗ, ಆಶ್ರಯ ಬೇಡಿ ಬಂದ ಬಹಾವುದ್ದೀನ್ ಗುರ್ಶಾಸ್ಪನನ್ನು ಒಪ್ಪಿಸಲು ನಿರಾಕರಿಸಿದ ಕಂಪಿಲರಾಯನು ದೊಡ್ಡ ಅಗ್ನಿಯನ್ನು ಹೊತ್ತಿಸಿದನೆಂದೂ, ಅವನ ಹೆಂಡಂದಿರು ಮತ್ತು ಹೆಣ್ಣುಮಕ್ಕಳು ಅದರಲ್ಲಿ ಬಿದ್ದು ಪ್ರಾಣ ಬಿಟ್ಟರೆಂದೂ ಇಬ್ನ್ ಬತೂತ ಬರೆದಿದ್ದಾನೆ. ಕುಮಾರರಾಮನ ಕಾವ್ಯ ಪರಂಪರೆಯಲ್ಲಿಯೂ ಮೌಖಿಕ ಪರಂಪರೆಯಲ್ಲಿಯೂ ಕಂಪಿಲಿಯ ಪತನಕ್ಕೆ ತ್ಯಾಗದ ಬಣ್ಣವಿದೆ.

ಈ ಎರಡು ಕಥನಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಸೋಲಿನ ಮುನ್ಸೂಚನೆ, ಗಂಡಿನ ಮಾನದ ಚಿಂತೆ, ಸ್ತ್ರೀಯರ ಸಾಮೂಹಿಕ ಮರಣ ಎರಡರಲ್ಲಿಯೂ ಸಮಾನ. ಒಂದು ಕಡೆ ಸ್ತ್ರೀಯರು ತಾವಾಗಿ ಸತ್ತರೆಂದು ಕಥೆ ಹೇಳುತ್ತದೆ. ಇನ್ನೊಂದು ಕಡೆ ಅವರನ್ನು ನೂಕಲಾಯಿತೆಂದು ಹೇಳುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಹೆಸರು ನಿಂತಿರುವುದೇ ಅದರ ಮೇಲೆ. ಆದರೆ ಎರಡೂ ಕಡೆ ಸ್ತ್ರೀಯರ ಸ್ವಂತ ಮಾತು ನಮಗೆ ತಲುಪಿಲ್ಲ. ಬೆಂಕಿಯ ಬಳಿ ಹಿಂಜರಿದವಳು ಇದ್ದಳೋ ಇಲ್ಲವೋ ಕಂಪಿಲಿಯ ಕಥೆ ಹೇಳುವುದಿಲ್ಲ. ಸಾಠ್ ಕಬರಿನ ಕಥೆಯಲ್ಲಾದರೋ ಒಬ್ಬಳು ಓಡಿಹೋಗುತ್ತಾಳೆ. ನಮ್ಮವರೆಂದು ಭಾವಿಸಿದವರ ಪಾಲಿಗೆ ‘ತ್ಯಾಗ’, ಅನ್ಯರೆಂದು ಭಾವಿಸಿದವರ ಪಾಲಿಗೆ ‘ಹತ್ಯಾಕಾಂಡ’ ಎಂಬ ಹಂಚಿಕೆಯನ್ನು ಸಂಶೋಧಕನು ಒಪ್ಪಲಾಗದು. ಒಂದೇ ಅಳತೆಗೋಲು ಎರಡಕ್ಕೂ ಸಲ್ಲಬೇಕು.

ಐತಿಹ್ಯಗಳು ಕುಖ್ಯಾತಿಯ ಕಡೆಗೆ ಹರಿಯುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಕರ್ನಾಟಕದ ದಂಡಯಾತ್ರೆಯಲ್ಲಿ ಶರಣು ಬಂದ ಶಿರಾದ ಕಸ್ತೂರಿರಂಗ ನಾಯಕನನ್ನು ಕೊಲ್ಲಿಸಿದ ಅಪವಾದ ಅಫಜಲಖಾನನ ಮೇಲಿದೆ. ಅಂಥವನ ಹೆಸರಿಗೆ ಇನ್ನೊಂದು ಕ್ರೌರ್ಯ ಅಂಟಿಕೊಳ್ಳುವುದು ಸುಲಭ. ಹಾಗೆಂದು ಸಾಠ್ ಕಬರಿನ ಕಥೆ ಸುಳ್ಳೆಂದು ತೀರ್ಮಾನಿಸುವಂತಿಲ್ಲ. ಅದು ನಡೆದಿರಬಹುದು. ಆದರೆ ‘ನಡೆದಿರಬಹುದು’ ಎಂಬುದರ ಮೇಲೆ ಹತ್ಯಾಕಾಂಡ ಎಂಬ ಹೆಸರನ್ನು ನಿಲ್ಲಿಸಲಾಗದು. ‘ಸಾಠ್ ಕಬರ್: ಸ್ತ್ರೀಯರ ಸಾಮೂಹಿಕ ಸಮಾಧಿಸ್ಥಳ; ಹತ್ಯೆಯ ಐತಿಹ್ಯವುಳ್ಳದ್ದು’ ಎಂಬಷ್ಟೇ ಇಂದಿನ ಆಧಾರಗಳು ಒಪ್ಪುವ ವಿವರಣೆ. ಇದರಿಂದ ಅಫಜಲಖಾನನಿಗೆ ಕ್ಷಮೆ ದೊರೆತಂತಾಗುವುದಿಲ್ಲ. ಹೆಸರಿಲ್ಲದೆ ಮಲಗಿರುವ ಅರವತ್ತಮೂರು ಸ್ತ್ರೀಯರು ಯಾರು ಎಂಬ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ. ಕಥೆಯೇ ಉತ್ತರವೆಂದು ಒಪ್ಪಿದ್ದರಿಂದ ಇಷ್ಟು ದಿನ ಆ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಮುತ್ತಿಗೆ ಮತ್ತು ಬೇನೆ

ಆಧಾರವಿಲ್ಲದೆ ಸಾವಿನ ಕಾರಣವನ್ನು ಆರಿಸಿಕೊಳ್ಳುವುದು ಈ ನಗರದ ಮಟ್ಟಿಗೆ ಏಕೆ ಅಪಾಯಕರ ಎಂಬುದಕ್ಕೆ ಮುಂದಿನ ಮೂವತ್ತು ವರ್ಷಗಳ ಚರಿತ್ರೆಯೇ ಉತ್ತರ ಹೇಳುತ್ತದೆ. 1685ರಲ್ಲಿ ಮೊಗಲ ಸೇನೆ ವಿಜಯಪುರವನ್ನು ಮುತ್ತಿತು. ಕೋಟೆಯೊಳಗೆ ಅನ್ನವಿಲ್ಲದಾಯಿತು, ಹೊರಗಿನ ಪಾಳೆಯದಲ್ಲಿಯೂ ಧಾನ್ಯದ ಕೊರತೆ ಉಂಟಾಯಿತು. 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ ಸಿಕಂದರನು ಶರಣಾದನು. ಸುಮಾರು ಎರಡು ವರ್ಷಗಳಲ್ಲಿ ನಗರಕ್ಕೆ ಮಹಾಮಾರಿ ಬಡಿಯಿತು. 1688ರಲ್ಲಿ ಗೆದ್ದವನಾದ ಔರಂಗಜೇಬನ ಹೆಂಡತಿ ಔರಂಗಾಬಾದಿ ಮಹಲ್ ಇದೇ ಬೇನೆಯಲ್ಲಿ ಇಲ್ಲಿಯೇ ಸತ್ತಳು. ಸೋತವರನ್ನೂ ಗೆದ್ದವರನ್ನೂ ಒಟ್ಟಿಗೆ ಒಯ್ದ ಆ ಸಾವುಗಳನ್ನು ಯಾರೂ ಹತ್ಯಾಕಾಂಡವೆನ್ನಲಾರರು. ಮುತ್ತಿಗೆಯ ಹಸಿವಿಗೆ ಆದೇಶವಿತ್ತು, ಬೇನೆಗೆ ಆದೇಶವಿರಲಿಲ್ಲ. ಶಾಸನವಿಲ್ಲದ ಗೋರಿಯ ಎದುರು ನಿಂತವರು ಈ ನಗರದಲ್ಲಿ ಸಾಯುವ ದಾರಿಗಳು ಎಷ್ಟಿದ್ದವು ಎಂಬುದನ್ನು ಮರೆಯಬಾರದು.

ಹಲಗಲಿ: ಲಾವಣಿಯ ಸಾಕ್ಷ್ಯ

ಇದಕ್ಕೆ ವ್ಯತಿರಿಕ್ತವಾಗಿ, ಆದೇಶವೂ ಕೈಯೂ ದಿನಾಂಕವೂ ಸ್ಪಷ್ಟವಾಗಿರುವ ಘಟನೆಯೊಂದು ಹಿಂದಿನ ಅಖಂಡ ವಿಜಯಪುರ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಇದೆ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ, ಅಂದು ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೇನೆ ಊರನ್ನು ಸುತ್ತುವರಿದು ಬೆಂಕಿಯಿಟ್ಟಿತು. ಹೋರಾಟದಲ್ಲಿ ಹಲವರು ಸತ್ತರು, ನೂರಾರು ಜನ ಸೆರೆಸಿಕ್ಕರು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಮಂದಿಯನ್ನು, ಹಲಗಲಿಯಲ್ಲಿ 6 ಮಂದಿಯನ್ನು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ತಾನು ಪ್ರಕಟಿಸಿದ ಕನ್ನಡ ಲಾವಣಿಗಳ ಮಾಲೆಯಲ್ಲಿ ಸೇರಿಸಿದನು. ಸರ್ಕಾರದ ಅಧಿಕಾರಿಯೊಬ್ಬ ಸರ್ಕಾರದ ವಿರುದ್ಧದ ಹಾಡನ್ನು ಉಳಿಸಿಕೊಟ್ಟಿರುವುದು ಗಮನಾರ್ಹ. ಜನಪದ ಸಾಕ್ಷ್ಯದ ದೃಷ್ಟಿಯಿಂದ ಈ ಲಾವಣಿಯ ಮಹತ್ವ ಇನ್ನೊಂದಿದೆ. ಅದು ವೀರರ ಹೆಸರುಗಳನ್ನು ಹೇಳಿ ಸುಮ್ಮನಾಗುವುದಿಲ್ಲ. ಸೂರೆಹೋದ ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೀಸುವ ಕಲ್ಲುಗಳ ಪಟ್ಟಿಯನ್ನು ಕೊಡುತ್ತದೆ. ಯುದ್ಧದ ವರದಿಯಲ್ಲಿ ಬೀಸುಕಲ್ಲು ಬರುವುದಿಲ್ಲ. ಸೇನೆ ಮನೆಯೊಳಗೆ ಹೊಕ್ಕಿದ್ದಕ್ಕೆ, ಎದುರಾಳಿ ಆಯುಧ ಹಿಡಿದವನಷ್ಟೇ ಆಗಿರದೆ ಇಡೀ ಊರೇ ಆಗಿತ್ತೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ನಾಲ್ಕು ಪ್ರಶ್ನೆಗಳನ್ನು ಇಲ್ಲಿಗೆ ಅನ್ವಯಿಸಿದರೆ ಘಟನೆಯನ್ನು ಮೂರು ಭಾಗ ಮಾಡಬೇಕಾಗುತ್ತದೆ. ಆಯುಧ ಹಿಡಿದು ಹೋರಾಡಿ ಸತ್ತ ಬೇಡರು ಹೋರಾಟಗಾರರು. ಅವರನ್ನು ಹತ್ಯಾಕಾಂಡದ ಬಲಿಗಳೆಂದರೆ ಅವರ ಶೌರ್ಯವನ್ನೇ ಅಲ್ಲಗಳೆದಂತಾಗುತ್ತದೆ. ಬೆಂಕಿಗೆ ಸಿಕ್ಕ ಊರಿನಲ್ಲಿ ಎದುರಿಸಲಾರದೆ ಸತ್ತವರ ಸಾವು ಹತ್ಯಾಕಾಂಡವೇ ಸರಿ. ಸೆರೆಸಿಕ್ಕ ಮೇಲೆ ಗಲ್ಲಿಗೇರಿದ 19 ಮಂದಿಯ ಸಾವು ನ್ಯಾಯದ ವೇಷ ತೊಟ್ಟ ದಂಡನೆ. ಒಂದೇ ಊರು, ಒಂದೇ ತಿಂಗಳು. ಆದರೆ ಮೂರು ಬಗೆಯ ಸಾವು. ಒಂದೇ ಪದದಿಂದ ಮೂರನ್ನೂ ಮುಚ್ಚುವುದು ಸರಿಯಾಗದು.

ಸಂಖ್ಯೆ ಮಾನದಂಡವಲ್ಲವೆಂಬುದನ್ನು 1938ರ ಏಪ್ರಿಲ್ 25ರಂದು ಹಳೆಯ ಮೈಸೂರಿನ ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರ್ ತೋರಿಸಿಕೊಡುತ್ತದೆ. ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು ಸುಮಾರು ಹತ್ತು ಮಂದಿ; ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ಎರಡರಲ್ಲಿ ಯಾವ ಲೆಕ್ಕ ಹಿಡಿದರೂ ಅದನ್ನು ಹತ್ಯಾಕಾಂಡವೆನ್ನಲು ಅಡ್ಡಿಯಿಲ್ಲ. ಸ್ವತಂತ್ರ ಆಧಾರ, ನೇರ ಕೃತ್ಯ, ನಿರಾಯುಧ ಜನ, ಅಧಿಕಾರದ ಕೈ ನಾಲ್ಕೂ ಅಲ್ಲಿವೆ. ‘ಕರ್ನಾಟಕದ ಜಲಿಯನ್‌ವಾಲಾ ಬಾಗ್’ ಎಂಬ ಜನರ ನಾಮಕರಣ ಸಂಖ್ಯೆಯ ಹೋಲಿಕೆಯಿಂದ ಹುಟ್ಟಿದ್ದಲ್ಲ, ಕೃತ್ಯದ ಹೋಲಿಕೆಯಿಂದ ಹುಟ್ಟಿದ್ದು.

ಬರ: ಕೈ ಕಾಣದ ಸಾವು

ಈಗ ಅತಿ ಕಠಿಣವಾದ ಉದಾಹರಣೆಗೆ ಬರಬಹುದು. ಇಂದಿನ ವಿಜಯಪುರ, ಬಾಗಲಕೋಟೆ ಭಾಗಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಲಾದಗಿ ಜಿಲ್ಲೆಯಲ್ಲಿದ್ದವು. ಜಿಲ್ಲಾಕೇಂದ್ರ ವಿಜಯಪುರಕ್ಕೆ ಬಂದುದು 1885ರ ಹೊತ್ತಿಗೆ. 1872ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರ. 1881ರಲ್ಲಿ ಅದು ಸುಮಾರು 6 ಲಕ್ಷ 38 ಸಾವಿರ. ನೂರಕ್ಕೆ ಹೆಚ್ಚುಕಡಿಮೆ 22ರಷ್ಟು ಜನ ಇಲ್ಲವಾಗಿದ್ದರು. ಸತ್ತವರು, ಮೊಗಲಾಯಿ ಸೀಮೆಗೂ ಇತರೆಡೆಗೂ ಗುಳೆ ಹೋದವರು, ಹುಟ್ಟದೇ ಹೋದ ಮಕ್ಕಳು ಎಲ್ಲರೂ ಆ ಇಳಿಕೆಯಲ್ಲಿ ಸೇರಿದ್ದಾರೆ. ಕಾರಣ 1876ರಿಂದ 1878ರವರೆಗಿನ ಮಹಾಕ್ಷಾಮ.

ಡೋಣಿ ನದಿಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದುದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ನಾಣ್ಣುಡಿಯೇ ಇದೆ. ಅಂಥ ಸೀಮೆಯಲ್ಲಿ ಮಳೆ ಕೈಕೊಟ್ಟು ಜೋಳವಿಲ್ಲದಾಯಿತು. ಹೊಟಗಿ–ಗದಗ ರೈಲುದಾರಿ ಆಗಿನ್ನೂ ಬಂದಿರಲಿಲ್ಲ. ಧಾನ್ಯ ಎತ್ತಿನ ಬಂಡಿಯಲ್ಲಿ ಬರಬೇಕಾಗಿತ್ತು, ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಇದಿಷ್ಟು ನಿಸರ್ಗದ ಹಾಗೂ ಕಾಲದ ಪಾಲು. ಇನ್ನೊಂದು ಪಾಲು ಆಡಳಿತದ್ದು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ವಯಸ್ಕನೊಬ್ಬನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಹಣದ ಮಟ್ಟಕ್ಕೆ ಇಳಿಸಬೇಕೆಂದನು. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರು ಇದನ್ನು ಪ್ರತಿಭಟಿಸಿ ಕಾಮಗಾರಿಯನ್ನು ಬಿಟ್ಟು ಹೋದರು. ಪುಣೆಯ ಸಾರ್ವಜನಿಕ ಸಭೆ ಈ ಕೂಲಿಯಲ್ಲಿ ಬದುಕುವುದು ಅಸಾಧ್ಯವೆಂದು ಸರ್ಕಾರಕ್ಕೆ ಬರೆಯಿತು. ಅದೇ ಕಾಲದಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಯಿತು.

ಇದನ್ನು ಹತ್ಯಾಕಾಂಡವೆನ್ನಬಹುದೇ? ಮೈಕ್ ಡೇವಿಸ್ 2001ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇಂಥ ಕ್ಷಾಮಗಳಿಗೆ ಯೆಹೂದ್ಯರ ಸಂಹಾರವನ್ನು ನೆನಪಿಸುವ ಹೆಸರನ್ನೇ ಕೊಟ್ಟನು. 1932–33ರ ಉಕ್ರೇನಿನ ಕ್ಷಾಮವನ್ನು ಆ ದೇಶವು 2006ರ ಕಾನೂನಿನ ಮೂಲಕ ಜನಾಂಗಹತ್ಯೆಯೆಂದು ಘೋಷಿಸಿದೆ. ಉದ್ದೇಶದ ಪ್ರಶ್ನೆಯ ಬಗ್ಗೆ ಇತಿಹಾಸಕಾರರ ಚರ್ಚೆ ಮುಂದುವರಿದಿದೆ. ನಮ್ಮ ಸೀಮೆಯ ಬರಕ್ಕೆ ನಾಲ್ಕು ಪ್ರಶ್ನೆಗಳನ್ನು ಅನ್ವಯಿಸಿದರೆ, ಮರಣಗಳು ನಡೆದುದು ಖಚಿತ. ಸತ್ತವರು ನಿಸ್ಸಹಾಯಕರೆಂಬುದೂ ಖಚಿತ. ಆದರೆ ನೇರವಾಗಿ ಕೊಂದ ಕೈ ಇಲ್ಲ, ಕೊಲ್ಲುವ ಆದೇಶವಿಲ್ಲ. ಬದುಕಿಸಬಹುದಾಗಿದ್ದ ಧಾನ್ಯವನ್ನು ಅಳೆದು ಕಡಿಮೆ ಮಾಡಿದ ಆದೇಶವಿದೆ. ಆದ್ದರಿಂದ ಇದು ಹತ್ಯಾಕಾಂಡವಲ್ಲ; ಆದರೆ ‘ದೈವೇಚ್ಛೆಯ ಬರ’ ಎಂದು ಬಿಡುವುದೂ ಅಸತ್ಯವೇ. ಇಂಥ ಘಟನೆಗಳಿಗೆ ‘ಆಡಳಿತದ ಹೊಣೆಯುಳ್ಳ ಸಾಮೂಹಿಕ ಮರಣ’ ಎಂಬ ಪ್ರತ್ಯೇಕ ವರ್ಗವೊಂದು ಅವಶ್ಯವೆಂದು ತೋರುತ್ತದೆ. ಪದ ಉದ್ದವಾದರೂ ಹೊಣೆಯನ್ನು ಮರೆಮಾಚುವುದಿಲ್ಲ, ಇಲ್ಲದ ಕತ್ತಿಯನ್ನು ಯಾರ ಕೈಗೂ ಕೊಡುವುದಿಲ್ಲ.

ಜನರು ಬರಕ್ಕೆ ಇಟ್ಟ ಹೆಸರುಗಳೂ ಇಲ್ಲಿ ವಿಚಾರಾರ್ಹ. 1791–92ರ ಬರವನ್ನು ಈ ಸೀಮೆಯವರು ‘ಡೋಗಿ ಬರ’ ಎಂದರು; ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರದು. ಕಂಡದ್ದನ್ನು ಕಂಡಂತೆ ಹೇಳಿ, ಯಾರ ಮೇಲೂ ಹೊಣೆ ಹೊರಿಸದೆ, ಆದರೆ ಮರೆಯಲೂ ಬಿಡದೆ ನಿಲ್ಲುವ ಹೆಸರು. ಇನ್ನು 1876ರ ಕ್ಷಾಮದ ನೆನಪಿಗೆ ಸಾಠ್ ಕಬರಿನಂಥ ಒಂದು ಕಟ್ಟೆಯಿಲ್ಲ, ಹಲಗಲಿಯಂಥ ಪ್ರಸಿದ್ಧ ಲಾವಣಿಯಿಲ್ಲ. ಲಾವಣಿಗೆ ಎದುರಾಳಿ ಬೇಕು, ಬರಕ್ಕೆ ಮುಖವಿಲ್ಲ. ಹೆಣ್ಣುಮಕ್ಕಳ ಹಾಡಿನ ಬಹುಭಾಗ ಹುಟ್ಟಿದ್ದು ಬೀಸುಕಲ್ಲಿನ ಮುಂದೆ. ಜೋಳವಿಲ್ಲದೆ ಬೀಸುಕಲ್ಲು ನಿಂತಾಗ ಹಾಡಿಗೂ ಎಡೆಯಿರಲಿಲ್ಲ. ಹಲಸಂಗಿಯ ಗೆಳೆಯರು ಈ ಜಿಲ್ಲೆಯಲ್ಲಿಯೇ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸುವ ಹೊತ್ತಿಗೆ ಆ ಕ್ಷಾಮ ಕಳೆದು ಐವತ್ತು ವರ್ಷಗಳು ಮೀರಿದ್ದವು. ಅರವತ್ತಮೂರು ಗೋರಿಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಲಕ್ಷಕ್ಕೂ ಮಿಕ್ಕಿ ಇಲ್ಲವಾದವರನ್ನು ಅವರ ಹೊಲಗಳ ನಡುವೆಯೇ ದಾಟಿ ಹೋಗುತ್ತಾರೆ. ಸ್ಮರಣೆಯ ಪ್ರಮಾಣ ಸಾವಿನ ಪ್ರಮಾಣವನ್ನು ಅನುಸರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಹತ್ಯಾಕಾಂಡವೆಂಬ ಹೆಸರನ್ನು ನಿರ್ಣಯಿಸುವುದು ಸಂಖ್ಯೆಯೂ ಅಲ್ಲ, ಕಥೆಯ ಭೀಕರತೆಯೂ ಅಲ್ಲ. ಆಧಾರ, ಕೃತ್ಯ, ಸತ್ತವರ ಸ್ಥಿತಿ ಮತ್ತು ಆದೇಶ. ಈ ದೃಷ್ಟಿಯಿಂದ ವಿದುರಾಶ್ವತ್ಥ ಹತ್ಯಾಕಾಂಡ; ಹಲಗಲಿ ಭಾಗಶಃ ಹತ್ಯಾಕಾಂಡ, ಭಾಗಶಃ ಹೋರಾಟ, ಭಾಗಶಃ ದಂಡನೆ; ಸಾಠ್ ಕಬರ್ ಹತ್ಯೆಯ ಐತಿಹ್ಯ; 1688ರ ಬೇನೆ ಸಾಮೂಹಿಕ ಮರಣ; 1876–78ರ ಕ್ಷಾಮ ಆಡಳಿತದ ಹೊಣೆಯುಳ್ಳ ಸಾಮೂಹಿಕ ಮರಣ. ಕಡೆಯದು ಇವೆಲ್ಲವುಗಳಿಗಿಂತ ದೊಡ್ಡ ಸಾವು ಎಂಬುದನ್ನು ಹೆಸರಿನ ಶ್ರೇಣಿಯಿಂದ ಅಳೆಯಬಾರದು.

ಗ್ರಂಥಾಲಯಗಳಿಗೂ ಈ ವಿಚಾರ ಸಂಬಂಧಿಸಿದೆ. ಗ್ರಂಥಸೂಚಿಯಲ್ಲಿ ‘ಹತ್ಯಾಕಾಂಡಗಳು’ ಎಂಬ ಶೀರ್ಷಿಕೆಯ ಕೆಳಗೆ ಒಮ್ಮೆ ಸೇರಿದ ವಿಷಯ ಮುಂದಿನ ಓದುಗರಿಗೆ ಸಿದ್ಧ ತೀರ್ಪಾಗಿ ದೊರೆಯುತ್ತದೆ. ಐತಿಹ್ಯಕ್ಕೆ, ಕ್ಷಾಮಕ್ಕೆ, ಹತ್ಯೆಗೆ ಪ್ರತ್ಯೇಕ ಶೀರ್ಷಿಕೆಗಳನ್ನಿಟ್ಟು ಪರಸ್ಪರ ಸೂಚಿಸುವುದು ಹೆಚ್ಚು ನ್ಯಾಯವಾದ ಕ್ರಮವಾದೀತು.

ಕ್ಷೇತ್ರಕಾರ್ಯದ ಮಟ್ಟಿಗೆ ಎರಡು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಸಾಠ್ ಕಬರಿನ ಗೋರಿಗಳು ಇನ್ನಷ್ಟು ಹಾಳಾಗುವ ಮೊದಲು ಅವುಗಳ ಕ್ರಮಬದ್ಧ ಅಳತೆ ಮತ್ತು ಛಾಯಾಚಿತ್ರ ದಾಖಲೆಯಾಗಬೇಕು. ಪಾರಸಿ ದಫ್ತರಗಳಲ್ಲಿಯೂ ವಕ್ಫ್ ದಾಖಲೆಗಳಲ್ಲಿಯೂ ಆ ಜಾಗದ ಉಲ್ಲೇಖಗಳನ್ನು ಹುಡುಕಬೇಕು. ಎರಡನೆಯದಾಗಿ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಿ ಬರಗಳ ಹೆಸರುಗಳು, ಗುಳೆ ಹೋಗಿ ಮರಳಿದ ಮನೆತನಗಳ ಕಥೆಗಳು, ಬರದಲ್ಲಿ ತಿಂದ ಸೊಪ್ಪುಗೆಡ್ಡೆಗಳ ನೆನಪುಗಳು ಸಂಗ್ರಹವಾಗಬೇಕು. ಮೂರು ನಾಲ್ಕು ತಲೆಮಾರು ದಾಟಿ ಬಂದ ಆ ನೆನಪುಗಳನ್ನು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.